ನಾಲಿಗೆಗೆ ಸುತ್ತಿದ ಬಿಳಿ ಟೇಪು

ನನ್ನ ಬೆಲೆ ಒಂದು ಟ್ಯಾಂಕು ಪೆಟ್ರೋಲಿಗಿಂತ ಕಡಿಮೆ. ನಾನು ಕಾಯುವ ಇಂಜಿನ್ನಿನ ಬೆಲೆಗೆ ಊರ ಹೊರಗೆ ಒಂದು ಸೈಟು ಬರುತ್ತದೆ. ಹಾಗಾಗಿ ಇಬ್ಬರಲ್ಲಿ ಒಬ್ಬರನ್ನು ಸುಳ್ಳುಗಾರ ಅನ್ನಬೇಕಾದಾಗ ಜನ ಅಗ್ಗದವನನ್ನೇ ಹಿಡಿಯುತ್ತಾರೆ.

ನಾನು ಎಣ್ಣೆಯ ಬಿಸಿ ತೋರಿಸುವ ಮೀಟರು. ಗಾಳಿಯಿಂದ ತಣ್ಣಗಾಗುವ ಒಂದು ಹಳೆಯ ಕಾರಿನ ಜೊತೆ ಹುಟ್ಟಿದವನು. ಅದಕ್ಕೆ ರೇಡಿಯೇಟರ್ ಇಲ್ಲ, ನೀರಿಲ್ಲ. ಹಿಂಬದಿಯ ಇಂಜಿನ್ನಿಗೆ ಫ್ಯಾನಿನ ಗಾಳಿ ಮತ್ತು ಎಣ್ಣೆಯೇ ಗತಿ. ನನ್ನ ಮುಖ ಸ್ಟಿಯರಿಂಗಿನ ಪಕ್ಕ, ನಾಲಿಗೆ ಹಿಂದೆ ಎಣ್ಣೆಯೊಳಗೆ. ನಾಲಿಗೆ ಅಂದರೆ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಸೆನ್ಸರ್. ಅದರ ತಿರುಪು ಇಂಜಿನ್ನಿನ ಲೋಹಕ್ಕೆ ತಾಗಿ ಕರೆಂಟು ಹರಿದರೆ ಮಾತ್ರ ನನಗೆ ಮಾತು.

ಮೊದಲು ಕಾರವಾರದ ಡಾಕ್ಟರ್ ನಾಡಕರ್ಣಿಯವರ ಬಳಿ ಇದ್ದೆ. ಅರಬೈಲ್ ಘಟ್ಟದಲ್ಲಿ ನನ್ನ ಮುಳ್ಳು ಕೆಂಪಿನತ್ತ ಹೊರಟರೆ ಅವರು ಗಾಡಿ ನಿಲ್ಲಿಸಿ, ಹಿಂದಿನ ಮುಚ್ಚಳ ತೆರೆದು, ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಮುಳ್ಳು ಇಳಿದ ಮೇಲೆಯೇ ಹೊರಡುವುದು. ಅವರು ತೀರಿಕೊಂಡ ಮೇಲೆ ಕಾರು ಹುಬ್ಬಳ್ಳಿಯ ಮಹಾರುದ್ರಪ್ಪ ಕೊಟಬಾಗಿಯ ಕೈ ಸೇರಿತು.

ಆತ ನಲ್ಲಿ, ಪೈಪುಗಳ ವ್ಯಾಪಾರಿ. ಹಳೆ ಕಾರುಗಳ ಕ್ಲಬ್ಬಿನವರನ್ನು ಕೂರಿಸಿಕೊಂಡು ಜೋರಾಗಿ ಓಡಿಸುವ ಹುಕಿ. ನಾನು ಮೇಲೇರಿದಾಗಲೆಲ್ಲ ಉಂಗುರದ ಬೆರಳಿನಿಂದ ಗಾಜಿಗೆ ಕುಟ್ಟಿ, "ಈ ಮುದುಕಗ ಅರಳುಮರಳು ಆಗೇತಿ" ಎಂದು ಅವರನ್ನು ನಗಿಸುತ್ತಿದ್ದ. ಒಂದು ಕುಟ್ಟನ್ನೂ ನಾನು ಮರೆತಿಲ್ಲ.

ಒಮ್ಮೆ ಸೆನ್ಸರಿನ ಬುಡದಿಂದ ಅಂಗಳದ ಹೊಸ ಟೈಲ್ಸಿನ ಮೇಲೆ ಎಣ್ಣೆ ತೊಟ್ಟಿಕ್ಕಿತು. ಪೈಪಿನ ವ್ಯಾಪಾರಿ ಬೇರೇನು ಮಾಡಿಯಾನು? ನಲ್ಲಿಗೆ ಸುತ್ತುವ ಬಿಳಿ ಟೇಪನ್ನೇ ತಿರುಪಿಗೆ ಸುತ್ತಿ ಬಿಗಿದ. ಎಣ್ಣೆ ನಿಂತಿತು, ನನ್ನ ಮಾತೂ ಅರ್ಧಕ್ಕೆ ನಿಂತಿತು. ಎಷ್ಟು ಓಡಿಸಿದರೂ ಮುಳ್ಳು ನಡುವಿಗಿಂತ ಮೇಲೇಳದು. ಮೀಟರಿನ ರೋಗವೂ ವಾಸಿಯಾಯಿತೆಂದು ಆತ ಕ್ಲಬ್ಬಿನಲ್ಲಿ ಹೇಳಿಕೊಂಡ. ಬಿಸಿನೀರಲ್ಲಿ ಒಮ್ಮೆ ಪರೀಕ್ಷೆ ಮಾಡೋಣವೆಂದು ಮೆಕ್ಯಾನಿಕ್ ಮಕ್ತುಮ್ ಕೇಳಿದರೆ, ಸರಿಯಿರುವುದನ್ನು ಏನು ಪರೀಕ್ಷಿಸುವುದು ಎಂದು ಬಾಯಿ ಮುಚ್ಚಿಸಿದ. ಆಗಲಿ, ಘಟ್ಟ ಬರಲಿ, ಅಂದುಕೊಂಡೆ.

ಘಟ್ಟ ಬಂತು. ಕಾರವಾರದಿಂದ ಹುಬ್ಬಳ್ಳಿಗೆ ಹಳೆ ಕಾರುಗಳ ರ‍್ಯಾಲಿ. ಮೂಲ ಇಂಜಿನ್ನಿನಲ್ಲೇ ಊರು ಮುಟ್ಟಿದವರಿಗೆ ಬಹುಮಾನ. ಬೇಸಿಗೆಯ ಬಿಸಿಲು, ಒಳಗೆ ನಾಲ್ಕು ಜನ, ಮೇಲೆ ಲಗೇಜು. ಅರ್ಧ ಘಟ್ಟ ಏರುವಷ್ಟರಲ್ಲಿ ಹೆಂಡತಿ ಗಿರಿಜಕ್ಕ, ಸುಟ್ಟ ವಾಸನೆ ಬರುತ್ತಿದೆ, ನಿಲ್ಲಿಸಿ ಎಂದರು. ಆತ ನನ್ನತ್ತ ಬೆರಳು ಮಾಡಿದ.

"ಮುಳ್ಳು ನಡುವ ಐತಿ, ನೋಡು. ಆ ವಾಸನಿ ಮುಂದಿನ ಲಾರೀದು."

ಅಷ್ಟು ವರ್ಷಗಳಲ್ಲಿ ಆತ ನನ್ನನ್ನು ನಂಬಿದ್ದು ಅದೇ ಮೊದಲು. ನನಗೆ ಬಲು ಹಿತವಾಯಿತು. ಎರಡು ತಿರುವು ದಾಟಿದ ಮೇಲೆ ಇಂಜಿನ್ ಕಿರುಗುಟ್ಟಿ ಬಿಗಿದುಕೊಂಡಿತು.

ಕ್ಲಬ್ಬಿನವರ ಎದುರು ಆತನಿಗೆ ಮಾನ ಉಳಿಯಬೇಕಿತ್ತು, ಅದಕ್ಕೆ ತಪ್ಪು ನನ್ನದಾಗಬೇಕಿತ್ತು. ಎಲ್ಲರನ್ನೂ ಮನೆಗೆ ಕರೆದು ತಾನೇ ಪರೀಕ್ಷೆ ಇಡಿಸಿದ. ಮಕ್ತುಮ್ ಸೆನ್ಸರ್ ಬಿಚ್ಚಿ, ವೈರು ಉದ್ದ ಮಾಡಿ, ಕಾರಿನ ಹಿಂದೆಯೇ ಸ್ಟವ್ ಹಚ್ಚಿ, ಕಾಯುವ ನೀರಿಗೆ ಅದರ ತುದಿಯನ್ನು ಇಳಿಬಿಟ್ಟ. ಪಕ್ಕದಲ್ಲಿ ಥರ್ಮಾಮೀಟರ್. ಕಾರಿನ ಮೈಯಿಂದ ಇನ್ನೊಂದು ವೈರು ತಂದು ಸೆನ್ಸರಿನ ಬರಿಯ ತಲೆಗೆ ಕಚ್ಚಿಸಿದ. ಥರ್ಮಾಮೀಟರ್ ಎಂಬತ್ತು ಅಂದಾಗ ನಾನೂ ಎಂಬತ್ತು ಅಂದೆ. ತೊಂಬತ್ತು ಅಂದಾಗ ತೊಂಬತ್ತು. ಆಮೇಲೆ ಅದೇ ವೈರನ್ನು ಟೇಪಿನ ಮೇಲೆ ಕಚ್ಚಿಸಿದ. ನನ್ನ ಮುಳ್ಳು ಸರ್ರನೆ ಕೆಳಗಿಳಿಯಿತು.

"ಅಂದ್ರ ಮೀಟರ್ ಕೆಟ್ಟಿಲ್ಲೇನು?" ಎಂದ ಮಹಾರುದ್ರಪ್ಪ.

"ಅದು ಒದರಿದಾಗ ಬಡದ್ರಿ," ಎಂದರು ಗಿರಿಜಕ್ಕ. "ಆಮ್ಯಾಲ ಅದರ ಬಾಯಿಗೆ ಟೇಪ್ ಸುತ್ತಿದ್ರಿ. ಇನ್ನ ನನಗ ಸುತ್ತೂದೊಂದ ಬಾಕಿ ನೋಡ್ರಿ."

ಕ್ಲಬ್ಬಿನವರೆಲ್ಲ ನಕ್ಕರು. ಈ ಸಲ ನನ್ನನ್ನು ನೋಡಿ ಅಲ್ಲ.

ಕಾರಿನಿಂದ ಬಿಚ್ಚಿದ ಮೇಲೆ ಈಗ ಮಕ್ತುಮನ ಗ್ಯಾರೇಜಿನ ಹಲಗೆಯ ಮೇಲಿದ್ದೇನೆ. ಬೇರೆ ಮೀಟರುಗಳ ಸುಳ್ಳು ನಿಜ ನೋಡಲು ಆತ ನನ್ನನ್ನೇ ಪಕ್ಕದಲ್ಲಿಡುತ್ತಾನೆ. ಕೆಳಗೆ ಆ ಇಂಜಿನ್ ಬಿಗಿದುಕೊಂಡೇ ಬಿದ್ದಿದೆ. ಅದು ನನಗೆ ಯಾವ ಕೇಡೂ ಮಾಡಿರಲಿಲ್ಲ. ನನ್ನ ಹೆಸರು ಮರಳಿ ಬಂತು. ನಾನು ಕಾಯಬೇಕಾಗಿದ್ದ ಇಂಜಿನ್ ಹೋಯಿತು.