ಮರಿಯಮ್ಮನ ಹಸಿರು ಚೌಕ

ಶಿಲ್ಪ ಫೋನಿನ ಗಾಜಿನ ಮೇಲೆ ಕೂತಿದ್ದ ಜೋಳದ ಹಿಟ್ಟನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಮೂಲೆಗಳಲ್ಲಿ ಉಳಿದದ್ದನ್ನು ಉಗುರಿನಿಂದ ಕೆರೆದಳು. ಆಮೇಲೆ ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಬುಟ್ಟಿಗಳಿಗೆ ಬಿಳಿ ಬಟ್ಟೆ ಹಾಸತೊಡಗಿದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಅವಳೂ ಯಾರನ್ನೂ ಮಾತಾಡಿಸಲಿಲ್ಲ. ಶೆಟ್ಟಿಹಳ್ಳಿಯ ಗಂಗಾದೇವಿಯವರ ರೊಟ್ಟಿ ಮನೆಯಲ್ಲಿ ಬೆಳಗಿನ ಹೊತ್ತು ಹಾಗೇ. ಒಲೆ ಹೊತ್ತಿದ ಮೇಲೆ ಕೈಗಳದ್ದೇ ಸದ್ದು.

ಗಂಗಾದೇವಿ ಮುಧೋಳದ ಕಡೆಯವರು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದರು. ತಮ್ಮ ಕಡೆಯಿಂದ ಬಂದು ರೂಮು ಮಾಡಿಕೊಂಡಿದ್ದ ಹುಡುಗರಿಗೆ ಜೋಳದ ರೊಟ್ಟಿ ತಟ್ಟಿ ಕೊಡುತ್ತಾ ಕೊಡುತ್ತಾ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಒಲೆಯ ಮುಂದೆ ಅಕ್ಕಪಕ್ಕ ಕೂತು ತಟ್ಟುವವರು ಇಬ್ಬರು, ಮರಿಯಮ್ಮ ಮತ್ತು ಸಬೀರಾ. ಶಿಲ್ಪ ಈ ಊರಿನವಳೇ, ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಹಿಟ್ಟು ಜರಡಿ ಹಿಡಿಯುವುದು, ಬುಟ್ಟಿ ತುಂಬುವುದು ಅವಳ ಕೆಲಸ. ಉಳಿದ ಹೊತ್ತೆಲ್ಲ ನೋಡುತ್ತಿದ್ದಳು.

ನೋಡುವಂಥದ್ದೂ ಇತ್ತು. ಮರಿಯಮ್ಮ ತಟ್ಟುವ ರೊಟ್ಟಿ ಅಂಗೈಯ ಕೆಳಗೆ ತಾನಾಗಿ ತಿರುಗುತ್ತಾ ಅಗಲವಾಗುತ್ತಿತ್ತು. ಅಂಚು ಎಂದೂ ಸೀಳುತ್ತಿರಲಿಲ್ಲ. ಶಿಲ್ಪಳ ಮನೆಯಲ್ಲಿ ಮೂರು ಹೊತ್ತೂ ರಾಗಿಮುದ್ದೆ. ಅವಳು ಮಗುಚಿದ ತಟ್ಟೆಯ ಮೇಲೆ ರೊಟ್ಟಿ ಕಲಿಯಲು ಹೋದಾಗ ಅಜ್ಜಿ ಸುಬ್ಬಲಕ್ಷ್ಮಮ್ಮ, ‘ಇಂಗ್ ಯಾಕಮ್ಮಿ ಬಡೀತೀಯ, ಏನ್ ತಪ್ಪು ಮಾಡೈತೆ ಅದು’ ಎಂದು ನಕ್ಕಿದ್ದಳು. ಆದರೂ ಶಿಲ್ಪ ದಿನಾ ಸಂಜೆ ತಟ್ಟುತ್ತಿದ್ದಳು, ಹಿಟ್ಟಿಲ್ಲದ ದಿನ ಬರಿಯ ತಟ್ಟೆಯ ಮೇಲಾದರೂ.

ಮರಿಯಮ್ಮನ ಬಲಗೈ ಮಣಿಕಟ್ಟು ಹಿಂದೊಮ್ಮೆ ಬಸ್ಸಿನಿಂದ ಬಿದ್ದು ಮುರಿದಿತ್ತು. ಬುಟ್ಟಿ ತುಂಬುತ್ತಾ ಬಂದಂತೆ ಬೆರಳುಗಳು ಜೋಮು ಹಿಡಿದು ನಿಂತುಬಿಡುತ್ತಿದ್ದವು. ಆಗ ಸಬೀರಾ ಏನೂ ಕೇಳದೆ ಕೈ ಚಾಚಿ ಅವಳ ಹಿಟ್ಟಿನ ಉಂಡೆಗಳನ್ನೂ ತನ್ನ ಮಣೆಯ ಕಡೆಗೆ ಎಳೆದುಕೊಳ್ಳುವಳು. ಮರಿಯಮ್ಮ ಹೆಂಚಿನ ಕಡೆ ಸರಿದು ಎಡಗೈಯಲ್ಲೇ ಇಬ್ಬರ ರೊಟ್ಟಿಯನ್ನೂ ಬೇಯಿಸುವಳು. ಬೆರಳಿಗೆ ಜೀವ ಬಂದ ಮೇಲೆ ಮತ್ತೆ ಮಣೆಗೆ ಬರುವಳು. ಇದರ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತು ಆಡಿದ್ದನ್ನು ಶಿಲ್ಪ ಕೇಳಿರಲಿಲ್ಲ. ತನಗೊಬ್ಬಳಿಗೇ ಇದು ಕಂಡಿದೆ ಎಂದುಕೊಂಡಿದ್ದಳು.

ಆ ವರ್ಷ ಯಲಹಂಕದ ಹಾಸ್ಟೆಲೊಂದು ಎರಡು ವಾರ ಕಳೆದ ಮೇಲೆ ದಿನವೂ ರೊಟ್ಟಿ ಬೇಕೆಂದಿತು. ಆರ್ಡರ್ ತಂದವನು ಗಂಗಾದೇವಿಯವರ ಮಗ ಸಂಗಮೇಶ. ಅವನು ಅಲ್ಲೇ ಕಾಲೇಜೊಂದರ ಆಫೀಸಿನಲ್ಲಿದ್ದ. ರೊಟ್ಟಿ ಈಗಿನ ಎರಡರಷ್ಟಾಗಬೇಕು. ಇರುವ ಕೈಗಳು ಸಾಲುತ್ತವೋ ಇಲ್ಲವೋ ತಿಳಿಯಬೇಕಲ್ಲ. ತನ್ನ ಹಳೆಯ ಫೋನಿಗೆ ಎರಡು ಆ್ಯಪ್ ಹಾಕಿ ತಂದ. ಒಂದು ಕೆಲಸದ ಪಟ್ಟಿಯದು. ಮಾಡಬೇಕಾದ್ದು ಒಂದರ ಕೆಳಗೊಂದು ಇರುತ್ತದೆ, ಮುಗಿದದ್ದನ್ನು ಒತ್ತಿದರೆ ಅದರ ಮೇಲೆ ಗೆರೆ ಬೀಳುತ್ತದೆ. ಇನ್ನೊಂದು ಸಮಯದ್ದು. ತಟ್ಟುವ ಒಬ್ಬೊಬ್ಬರ ಹೆಸರಿಗೂ ಒಂದು ಚೌಕ. ಕೂತಾಗ ಒತ್ತಿದರೆ ಹಸಿರಾಗಿ ಓಡುತ್ತದೆ, ನಿಲ್ಲಿಸಿದಾಗ ಒತ್ತಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದು ಸಂಗಮೇಶನ ಹೊಸ ಫೋನಿನಲ್ಲೂ ಕಾಣುತ್ತದೆ. ಒಂದೊಂದು ವಾರ ಎರಡನ್ನೂ ನೋಡಿ, ಒಂದನ್ನು ಇಟ್ಟುಕೊಳ್ಳುವುದೆಂದು ಮಾತಾಯಿತು. ತಟ್ಟುವವರ ಕೈಯೆಲ್ಲ ಹಿಟ್ಟು. ಹಾಗಾಗಿ ಒತ್ತುವ ಕೆಲಸ ಶಿಲ್ಪಳಿಗೆ ಬಂತು.

ಮೊದಲ ವಾರದ ಪಟ್ಟಿ ಎಲ್ಲರಿಗೂ ಹಿಡಿಸಿತು. ಗೆರೆ ಬೀಳುವಾಗ ಅದು ಟಿಣ್ ಎನ್ನುತ್ತಿತ್ತು. ಸಬೀರಾ ಪ್ರತಿಸಲವೂ ‘ರೈಟ್, ಹೋಗ್ಲಿ’ ಎಂದು ಕಂಡಕ್ಟರನ ಹಾಗೆ ಕೂಗಿ ನಗಿಸುತ್ತಿದ್ದಳು. ಸಂಗಮೇಶನಿಗೆ ಮಾತ್ರ ಸಾಲಲಿಲ್ಲ. ಏನು ಮುಗಿಯಿತೆಂದು ಇದು ಹೇಳುತ್ತದೆ, ಯಾರ ಕೈ ಎಷ್ಟು ನಡೆಯಿತೆಂದು ಹೇಳುವುದಿಲ್ಲ ಎಂದ. ಧಾರವಾಡದ ಹೆಂಗಸೊಬ್ಬಳು ಕೆಲಸ ಕೇಳಿದ್ದಾಳೆ, ತಟ್ಟುವವರಲ್ಲಿ ಯಾರ ಸಮಯ ಕಮ್ಮಿ ಬರುತ್ತದೋ ಅವರ ಮಣೆಗೆ ಅವಳನ್ನು ಕೂರಿಸಬಹುದು ಎಂದೂ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮರಿಯಮ್ಮ ತಲೆ ಎತ್ತದೆ ರೊಟ್ಟಿ ಮಗುಚಿದಳು.

ಎರಡನೆಯ ವಾರ ಚೌಕಗಳು ಬಂದವು.

‘ಇದು ನಮ್ಮತ್ತೆ ತರ ಕಣೇ,’ ಎಂದಳು ಸಬೀರಾ. ‘ಕೂತ್ರೂ ನೋಡುತ್ತೆ, ಎದ್ರೂ ನೋಡುತ್ತೆ.’

ಮೊದಲ ದಿನವೇ ಮರಿಯಮ್ಮನ ಬೆರಳು ನಿಂತವು. ಸಬೀರಾ ಉಂಡೆಗಳನ್ನು ಎಳೆದುಕೊಂಡಳು. ಶಿಲ್ಪ ಒತ್ತಬೇಕಿತ್ತು. ಬೆರಳು ಗಾಜಿನ ತನಕ ಹೋಗಿ ವಾಪಸು ಬಂತು. ಒತ್ತಿದರೆ, ಇಷ್ಟು ದಿನ ಯಾರೂ ಆಡದ ಮಾತನ್ನು ತಾನೇ ಕೂಗಿ ಹೇಳಿದ ಹಾಗಾಗುತ್ತದೆ ಎನ್ನಿಸಿತು.

‘ನಂದು ಇನ್ನೂ ಹಸಿರಾಗೇ ಐತಾ?’ ಎಂದು ಮರಿಯಮ್ಮ ಮೆಲ್ಲಗೆ ಕೇಳಿದಳು.

ಶಿಲ್ಪ ಹೌದೆಂದು ತಲೆಯಾಡಿಸಿದಳು. ಆ ಚೌಕ ದಿನವೆಲ್ಲ ಹಸಿರಾಗೇ ಓಡಿತು, ಮರುದಿನವೂ, ಅದರ ಮರುದಿನವೂ.

ಕಾಪಾಡಲು ಹೋಗಿ ಅವಳು ಎಡವಿದ್ದೇ ಅಲ್ಲಿ. ಸಬೀರಾ ನೀರು ಕುಡಿಯಲು ಎದ್ದದ್ದು, ಮಗಳ ಸ್ಕೂಲಿಗೆ ಓಡಿದ್ದು ಎಲ್ಲ ಸಂಗಮೇಶನ ಫೋನಿನಲ್ಲಿ ಬೂದಿ ಬಣ್ಣದಲ್ಲಿ ಕಾಣುತ್ತಿತ್ತು. ಮರಿಯಮ್ಮನದು ಬೆಳಗಿನಿಂದ ಸಂಜೆಯ ತನಕ ಒಂದೇ ಹಸಿರು ಪಟ್ಟೆ. ಶುಕ್ರವಾರ ಬಂದವನು, ಮರಿಯಮ್ಮನವರು ನೀರೂ ಕುಡಿಯುವುದಿಲ್ಲವೇ ಎಂದು ನಕ್ಕ. ನಾಳೆ ತನಗೆ ರಜೆ, ತಾನೇ ಕೂತು ನೋಡುತ್ತೇನೆ ಎಂದ.

ಶನಿವಾರ ಒಲೆಯ ಎದುರು ಸ್ಟೂಲು ಹಾಕಿಕೊಂಡು ಕೂತ. ಪಕ್ಕದಲ್ಲಿ ಫೋನು ಹಿಡಿದು ಶಿಲ್ಪ. ಗಂಗಾದೇವಿ ಹಿಂದೆ ಕೂತು ಬಿಸಿನೀರು ಸುರಿದು ಹಿಟ್ಟು ನಾದುತ್ತಿದ್ದರು. ಆ ದಿನ ಮರಿಯಮ್ಮ ಕೈ ನಿಲ್ಲಿಸಲಿಲ್ಲ. ಜೋಮು ಹಿಡಿದದ್ದು ಶಿಲ್ಪಳಿಗೆ ತಿಳಿಯಿತು, ಏಕೆಂದರೆ ರೊಟ್ಟಿ ತಿರುಗುವುದನ್ನು ಬಿಟ್ಟಿತ್ತು. ಆದರೂ ಮರಿಯಮ್ಮ ಅಂಗೈಯ ಬುಡದಿಂದ ಒತ್ತುತ್ತಲೇ ಇದ್ದಳು. ಸಬೀರಾ ಉಂಡೆಗೆ ಕೈ ಚಾಚಿದಾಗ ಮೊಣಕೈಯಿಂದ ತಡೆದಳು. ಒಂದು ರೊಟ್ಟಿಯ ಅಂಚು ಸೀಳಿತು. ಇನ್ನೊಂದು ಮಣೆಯ ಮೇಲೇ ಹರಿಯಿತು. ಆಮೇಲೆ ಕೈ ತಾನಾಗಿ ಮಡಿಲಿಗೆ ಬಿತ್ತು.

‘ಶಿಲ್ಪಾ, ಮರಿಯಮ್ಮನವರದು ನಿಲ್ಲಿಸು,’ ಎಂದ ಸಂಗಮೇಶ.

ಶಿಲ್ಪ ಒತ್ತಲಿಲ್ಲ. ಫೋನನ್ನು ಎದೆಗೆ ಅವಚಿಕೊಂಡು ನೆಲ ನೋಡುತ್ತಾ ನಿಂತಳು. ಕೊಡು ಎಂದು ಅವನು ಕೈ ಚಾಚಿದ.

ಗಂಗಾದೇವಿ ಎದ್ದರು. ಸೆರಗು ಸಿಕ್ಕಿಸಿಕೊಂಡು, ಮರಿಯಮ್ಮನ ಭುಜ ಹಿಡಿದು ಹೆಂಚಿನ ಕಡೆ ಸರಿಸಿ, ಆ ಮಣೆಯ ಮುಂದೆ ತಾವೇ ಕೂತರು. ಹರಿದ ರೊಟ್ಟಿಯನ್ನು ಮತ್ತೆ ಉಂಡೆ ಮಾಡಿ ತಟ್ಟತೊಡಗಿದರು. ಮರಿಯಮ್ಮನ ಎಡಗೈ ಏನೂ ಆಗಿಲ್ಲವೆಂಬಂತೆ ಬೇಯಿಸುವುದಕ್ಕೆ ತೊಡಗಿತು.

‘ಈಗ ಯಾರ ಮ್ಯಾಲ ಒತ್ತತಿ?’ ಎಂದರು ಮಗನಿಗೆ. ‘ನನ್ನ ಹೆಸರ ಇಲ್ಲಲ್ಲೋ ಅದರಾಗ.’

‘ಅವ್ವಾ, ನಾ ಲೆಕ್ಕ ಕೇಳಾಕತ್ತೇನಿ. ಜಗಳ ತಗದಿಲ್ಲ.’

‘ಕೇಳು. ಹಾಸ್ಟೆಲ್ಲಿಗೆ ಬುಟ್ಟಿ ಮುಟ್ಟತೈತೋ ಇಲ್ಲೋ ಕೇಳು. ಈ ಒಲಿ ಮುಂದ ಯಾರ ಕೈ ಯಾವಾಗ ನಿಂದರತೈತಿ ಅಂತ ನನಗ ಮೊದಲಿಂದ ಗೊತ್ತೈತಿ. ಆ ಧಾರವಾಡದಾಕಿ ಹಬ್ಬ ಮುಗಿಸಿ ಬರಲಿ, ಇನ್ನೊಂದು ಮಣಿ ಹಾಕೂನು. ಈ ಮಣಿ ಖಾಲಿ ಇಲ್ಲ.’

ಶಿಲ್ಪ ಗಂಗಾದೇವಿಯವರ ಬೆನ್ನನ್ನೇ ನೋಡಿದಳು. ಅಷ್ಟು ದಿನ ಹಿಂದೆ ಕೂತು ಹಿಟ್ಟು ನಾದುತ್ತಿದ್ದ ಆ ಹೆಂಗಸು ಎಲ್ಲವನ್ನೂ ಕಂಡು, ಕಂಡದ್ದನ್ನು ಒಬ್ಬರಿಗೂ ತೋರದಂತೆ ಇಟ್ಟುಕೊಂಡಿದ್ದರು. ನೋಡುವುದೆಂದರೆ ಅದು ಎನ್ನಿಸಿತು ಅವಳಿಗೆ.

ಸಂಗಮೇಶ ಸ್ವಲ್ಪ ಹೊತ್ತು ಮರಿಯಮ್ಮನ ಮಡಿಲಲ್ಲಿದ್ದ ಕೈ ನೋಡಿದ. ಹಾಗಾದರೆ ಯಾವುದನ್ನು ಇಟ್ಟುಕೊಳ್ಳೋಣ ಎಂದು ತಗ್ಗಿದ ದನಿಯಲ್ಲಿ ಕೇಳಿದ.

‘ಎರಡೂ ಹಿಡದಾಕಿ ಅಕಿ. ಅಕಿನ್ನ ಕೇಳು,’ ಎಂದರು ಗಂಗಾದೇವಿ.

ಎಲ್ಲರೂ ಶಿಲ್ಪಳ ಕಡೆ ತಿರುಗಿದರು.

‘ಈ ಚೌಕ ಆದ್ರೆ ಫೋನೇ ನೋಡ್ತಾ ಇರ್ಬೇಕು ಅಣ್ಣ,’ ಎಂದಳು. ‘ಇವರ ಕೈ ನೋಡೋಕಾಗಲ್ಲ. ಪಟ್ಟಿ ಆದ್ರೆ ಮುಗಿದ್ಮೇಲೆ ಒಂದ್ಸಲ ಒತ್ತಿದ್ರೆ ಸಾಕು.’

‘ಅಲ್ಲಾ, ಇವಳಿಗೆ ಮಾತು ಬರುತ್ತೆ,’ ಎಂದಳು ಸಬೀರಾ. ಸಂಗಮೇಶನೂ ನಕ್ಕ. ಫೋನು ಇಸಿದುಕೊಂಡು ಚೌಕಗಳನ್ನು ಅಲ್ಲೇ ಅಳಿಸಿದ. ಪಟ್ಟಿ ಉಳಿಯಿತು.

ಸೋಮವಾರ ಹಾಸ್ಟೆಲಿನ ರೊಟ್ಟಿ ಶುರುವಾಯಿತು, ಪಟ್ಟಿಗೆ ‘ಹಾಸ್ಟೆಲ್ ಬುಟ್ಟಿ’ ಎಂಬ ಹೊಸ ಸಾಲು ಸೇರಿತ್ತು. ಇಬ್ಬರ ಮಣೆಗಳ ಪಕ್ಕದಲ್ಲೂ ಉಂಡೆಗಳ ರಾಶಿ. ಗಂಗಾದೇವಿ ರಸ್ತೆಯಲ್ಲಿ ನಿಂತು ಆಟೋದವನಿಗೆ ಹಾಸ್ಟೆಲಿನ ದಾರಿ ಹೇಳುತ್ತಿದ್ದರು. ಬುಟ್ಟಿ ಇನ್ನೂ ಅರ್ಧವೂ ಆಗಿರಲಿಲ್ಲ, ಮರಿಯಮ್ಮನ ಬೆರಳು ನಿಂತವು. ಸಬೀರಾ ಓರೆಗಣ್ಣಲ್ಲಿ ನೋಡಿದಳು. ತನ್ನ ಮಣೆಯ ಪಕ್ಕದ ರಾಶಿಯೇ ಕರಗಿರಲಿಲ್ಲ. ಚಾಚಲು ಹೊರಟ ಕೈ ಹಿಂದಕ್ಕೆ ಬಂತು.

ಶಿಲ್ಪ ಫೋನನ್ನು ಡಬ್ಬಿಗೆ ಒರಗಿಸಿಟ್ಟಳು. ನಲ್ಲಿಯಲ್ಲಿ ಮೊಣಕೈ ತನಕ ಕೈ ತೊಳೆದು ಒರೆಸಿಕೊಂಡಳು. ಒಲೆಯ ಮುಂದೆ ಬಂದು ಮರಿಯಮ್ಮನ ಪಕ್ಕ ಮಂಡಿಯೂರಿದಳು.

‘ಅಕ್ಕಾ, ಸ್ವಲ್ಪ ಆ ಕಡೆ ಸರೀರಿ,’ ಎಂದಳು.

ಸಬೀರಾಳ ಕೈ ತಟ್ಟುತ್ತಲೇ ಇತ್ತು. ಹೆಂಚಿನ ಮೇಲೆ ರೊಟ್ಟಿಯೊಂದು ಉಬ್ಬುತ್ತಿತ್ತು. ಮರಿಯಮ್ಮ ಹೆಂಚಿನ ಕಡೆ ಸರಿದಳು, ಶಿಲ್ಪ ಅವಳ ಉಂಡೆಯೊಂದನ್ನು ಎತ್ತಿಕೊಂಡು ತಟ್ಟತೊಡಗಿದಳು.