ತಳದ ಮಣ್ಣು

ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಕಾಶಿರಾಮ ನೀರಿನೊಳಗೇ ನಡೆದು ಹೋಗಿದ್ದ. ಬೀಡಿ ಸೇದಲು ಮಾತ್ರ ಒಂದು ಸಲ ತಲೆ ಮೇಲೆತ್ತಿದ್ದ. ಎರಡೂರಿನ ನಡುವೆ ಅಂಥ ಹೊಳೆಯೇ ಇಲ್ಲವಲ್ಲ ಎಂದು ಕೇಳಿದವರಿಗೆ, "ನಾ ಕುಡದು ಖಾಲಿ ಮಾಡೀನಿ" ಎನ್ನುತ್ತಿದ್ದ.

ಅಂಥ ಗಂಡಸಿಗಲ್ಲದೆ ಊರ ಗುಡಿಯ ಹೊಂಡದ ತಳ ಮುಟ್ಟುವ ಕೆಲಸ ಇನ್ಯಾರಿಗೆ ಹೋದೀತು? ನಾರಾಯಣಪುರದ ಗುಡಿಯ ಗೋಡೆಯಲ್ಲಿ ಕನ್ನಡಿ ಹಿಡಿದು ನಿಂತ ಕಲ್ಲಿನ ಹೆಣ್ಣು ಆ ಸಂಜೆ ಹೊಂಡಕ್ಕಿಳಿಯುವವಳಿದ್ದಳು. ಹುಮನಾಬಾದಿನ ನೃತ್ಯದ ಟೀಚರ್ ಉಜ್ವಲಾ ಕಟ್ಟಿದ ನೃತ್ಯರೂಪಕ ಅದು. ಕಲ್ಲಿನ ಹೆಣ್ಣಾಗುವವಳು ಕಾಶಿರಾಮನ ಮೊಮ್ಮಗಳು ಪೂನಂ. ನಡುಮಟ್ಟದ ನೀರಿನಲ್ಲಿ ನಿಂತು, ನೀರನ್ನೇ ಕನ್ನಡಿ ಮಾಡಿಕೊಂಡು ಮುಖ ನೋಡಿಕೊಳ್ಳಬೇಕು. ಅವಳಿಗೆ ಈಜು ಬಾರದು.

ಮಳೆಗಾಲ ಕಳೆದ ಮೇಲೆ ಹೊಂಡಕ್ಕೆ ಮೊದಲು ಇಳಿಯುವವರ ಮನೆಯ ಹಿರಿಯ, ಮುಳುಗಿ ಮೆಟ್ಟಿಲುಗಳನ್ನು ತಡವಿ ನೋಡಿ, ತಳದ ಮಣ್ಣು ಒಂದು ಹಿಡಿ ತಂದು ಅವರ ಹಣೆಗೆ ಹಚ್ಚುವುದು ಆ ಊರಿನ ಪದ್ಧತಿ. ಹಚ್ಚಿದರೆ ಮಾತು ಕೊಟ್ಟ ಹಾಗೆ: ತಳ ನೋಡಿ ಬಂದಿದ್ದೇನೆ, ಹೆದರಬೇಡ.

ನಸುಕಿನಲ್ಲಿ ಒಬ್ಬನೇ ಹೋಗಿ ಬಂದ ಕಾಶಿರಾಮನ ಮುಷ್ಟಿಯಲ್ಲಿ ಮಣ್ಣಿತ್ತು, ಬಾಯಲ್ಲಿ ಮೊಸಳೆಗಳಿದ್ದವು. "ಏಳು ಇದ್ದುವು. ಸಲಾಂ ಹೊಡದು ದಾರಿ ಬಿಟ್ಟುವು!"

ಸಂಜೆ ಹೊಂಡದ ಸುತ್ತ ಜನ ಕಿಕ್ಕಿರಿದರು. ಕಾಶಿರಾಮ ಮುಂಜಾನೆಯ ಮಣ್ಣನ್ನು ಅಂಗೈಯಲ್ಲಿ ಹಿಡಿದು ಬಂದ. ಪೂನಂ ಹಣೆ ಬಾಗಿಸಿ ನಿಂತಾಗ ನೆರೆಮನೆಯ ಅಂಬುಬಾಯಿ ಬಾಯಿ ಹಾಕಿದಳು: "ಕಾಶಿರಾಮಣ್ಣ, ಮುಂಜಾನಿ ನೀ ಬರೂದು ನೋಡೀನಿ. ತಲಿ ಸುದ್ದಾ ತೊಯ್ದಿರಲಿಲ್ಲಲ್ಲೋ?"

"ನೀರಿಗೇ ನನ್ನ ಮುಟ್ಟಾಕ ಅಂಜಿಕಿ, ಅಂಬು!"

ಜನ ನಕ್ಕರು. ಪೂನಂ ನಗಲಿಲ್ಲ. ಅವನ ಅಂಗೈಯನ್ನೇ ನೋಡಿದಳು. ಹೊಂಡದ ಹೂಳು ಕಪ್ಪು. ಈ ಮಣ್ಣು ಕೆಂಪಗಿತ್ತು.

"ಅಜ್ಜ, ಇದರಾಗ ಹಸರ ಹುಲ್ಲಿನ ಬೇರು ಅದ. ತಳದಾಗ ಹುಲ್ಲು ಬೆಳಿತದೇನು?"

"ಅದು... ಕಲ್ಯಾಣದ ರಾಜರ ಕಾಲದ ಹುಲ್ಲವ್ವ."

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನೀ ಅಂದಿ ಅಂದ್ರ ಖರೇನೇ ಇರ್ತದ."

ತಾನೇ ಮಣ್ಣು ಹಣೆಗೆ ಹಚ್ಚಿಕೊಂಡು ಇಳಿದಳು. ಮೃದಂಗ ಶುರುವಾಯಿತು. ಒಂದು ಮೆಟ್ಟಿಲು. ಇನ್ನೊಂದು. ಮೂರನೆಯದು ಕಾಣಿಸುತ್ತಿರಲಿಲ್ಲ, ಅಲ್ಲಿ ನೀರು ಕರ್ರಗಿತ್ತು. ಅವಳು ಕಾಲೆತ್ತಿದಳು.

"ನಿಂದ್ರವ್ವ!"

ಕಾಶಿರಾಮ ಧೋತರದ ಸಮೇತ ನೀರಿಗಿಳಿದು ಅವಳ ರಟ್ಟೆ ಹಿಡಿದಿದ್ದ. ಮೃದಂಗ ನಿಂತಿತು.

"ನಾ ಮುಳುಗಿಲ್ಲ. ಇದು ದಂಡಿ ಮ್ಯಾಲಿನ ಮಣ್ಣು. ಕೆಳಗ ಮೆಟ್ಟಲ ಅದನೋ, ಬಿದ್ದು ಹೋಗ್ಯಾದೋ, ನನಗ ಗೊತ್ತಿಲ್ಲ."

ಯಾರೂ ನಗಲಿಲ್ಲ. ಉಜ್ವಲಾ ದಡದಿಂದಲೇ ಮೆಲ್ಲಗೆ ಹೇಳಿದಳು: "ಅಲ್ಲೇ ನಿಲ್ಲು ಪೂನಂ. ಅಲ್ಲಿಂದಲೇ ನೋಡಿಕೊ."

ಪೂನಂ ಬಾಗಿದಳು. ನೀರು ತಿಳಿಯಾಗುತ್ತಾ ಬಂತು. ಅದರಲ್ಲಿ ಮಣ್ಣು ಹತ್ತಿದ ಅವಳ ಹಣೆ ಮೂಡಿತು; ಪಕ್ಕದಲ್ಲೇ, ಕೈ ಬಿಡದೆ ನಿಂತಿದ್ದ ಮುದುಕನ ಮುಖ.

"ಹೊಳಿ ಕುಡದದ್ದು?" ನೀರಿನಲ್ಲಿದ್ದ ಅಜ್ಜನನ್ನು ಕೇಳಿದಳು.

"ಸುಳ್ಳವ್ವ. ನನಗ ಈಜು ಬರಂಗಿಲ್ಲ. ನೀರು ಅಂದ್ರ ಸಣ್ಣಂದಿನಿಂದ ಅಂಜಿಕಿ."