ವಾಯವ್ಯದ ಗೋಶಾಲೆ

ಹಿಂದೂಪುರದಿಂದ ಪೆನುಕೊಂಡದ ಕಡೆ ಹೋಗುವ ರಸ್ತೆಯಲ್ಲಿ ಹದಿನಾಲ್ಕು ಎಕರೆ ಕೊಂಡ ಜಯಚಂದ್ರ ಅವರು ಅಲ್ಲೊಂದು ಡಿಗ್ರಿ ಕಾಲೇಜು ಕಟ್ಟಲು ಹೊರಟರು. ಕಾರು ಫ್ಯಾಕ್ಟರಿಗೆ ಲಾರಿ ಓಡಿಸಿ ಮೇಲೆ ಬಂದವರು. ಕಾರಿನ ಮೇಲೆ ‘ಕರೆಸ್ಪಾಂಡೆಂಟ್’, ಅಂದರೆ ನಮ್ಮ ಕಡೆ ಕಾಲೇಜಿನ ಯಜಮಾನ, ಎಂದು ಬರೆಸಿಕೊಂಡದ್ದು ಮೊದಲು, ಕಾಲೇಜಿನ ಯೋಚನೆ ಆಮೇಲೆ. ಎಲ್ಲವೂ ನಮ್ಮ ಪರಂಪರೆಯಂತೆ ಇರಬೇಕು ಎಂಬುದೊಂದೇ ಅವರ ಷರತ್ತು. ನಕ್ಷೆ ಬರೆಯುವ ಕೆಲಸ ಚಲಪತಿ ಸಾರ್ ಆಫೀಸಿಗೆ ಬಂತು. ಅಂದರೆ ನನಗೆ ಬಂತು, ಯಾಕೆಂದರೆ ಆ ಆಫೀಸಿನಲ್ಲಿ ನಕ್ಷೆ ಬರೆಯುವವಳು ನಾನೊಬ್ಬಳೇ.

ನಡುವೆ ಬ್ರಹ್ಮಸ್ಥಾನ, ಖಾಲಿ. ಅದರ ಸುತ್ತ ಕಂಬದ ಪಡಸಾಲೆ, ಪಡಸಾಲೆಗೆ ಅಂಟಿಕೊಂಡು ತರಗತಿಗಳು. ಈಶಾನ್ಯಕ್ಕೆ ಕಲ್ಯಾಣಿ, ಆಗ್ನೇಯಕ್ಕೆ ಅಡುಗೆಮನೆ. ನೈಋತ್ಯಕ್ಕೆ ಕರೆಸ್ಪಾಂಡೆಂಟರ ಕೋಣೆ, ಯಜಮಾನ ಅಲ್ಲೇ ಕೂರಬೇಕಂತೆ. ನನಗೂ ಇದೆಲ್ಲ ಇಷ್ಟವೇ ಆಗಿತ್ತು. ನೆರಳು, ಗಾಳಿ ಎರಡೂ ಚೆನ್ನಾಗಿ ಬರುವ ನಕ್ಷೆ. ವಾಯವ್ಯಕ್ಕೆ ಹುಡುಗಿಯರ ಶೌಚಾಲಯ ಹಾಕಿದ್ದೆ. ವಾಸ್ತು ನೋಡಲು ಗೋರಂಟ್ಲದಿಂದ ಬಂದ ಶಂಕರಯ್ಯ ಸಿದ್ಧಾಂತಿಗಳು, “ಬಾಗುಂದಿ, ಅದಕ್ಕೆ ಅದೇ ಜಾಗ” ಅಂದರು.

ಕರೆಸ್ಪಾಂಡೆಂಟರು ಒಪ್ಪಲಿಲ್ಲ.

“ಗೇಟ್ ತೆಗೆದ್ರೆ ಕಾಣೋದೇ ಆ ಮೂಲೆ. ಅಲ್ಲಿ ಗೋಶಾಲೆ ಹಾಕಮ್ಮ. ಹನ್ನೆರಡು ಹಸ. ಫೋಟೋ ಚೆನ್ನಾಗ್ ಬತ್ತದೆ.”

“ಹುಡುಗೀರು ಎಲ್ಲಿಗ್ ಹೋಗ್ಬೇಕು ಸಾರ್?”

“ರೋಡಾಚೆ ನಮ್ದೇ ಇನ್ನೊಂದು ಸೈಟ್ ಐತಲ್ಲ, ಅಲ್ಲಿ ಹಾಕ್ಬುಡು.”

“ಹೈವೇ ದಾಟಿ?”

“ಓದಾಕ್ ಬರೋರು ದಿನಕ್ಕೆಷ್ಟು ಸಲ ಹೋಯ್ತಾರೆ ಕಣಮ್ಮ?”

ಎಷ್ಟು ಸಲ ಎಂದು ನನಗೆ ಗೊತ್ತಿತ್ತು. ಕಲ್ಯಾಣದುರ್ಗದಲ್ಲಿ ನಾನು ಓದಿದ ಕಾಲೇಜಿನಲ್ಲಿ ಶೌಚಾಲಯಕ್ಕೆ ಬೀಗ ಇತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಎರಡು ವರ್ಷವಾದರೂ ತಿಳಿಯಲಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನೀರು ಮುಟ್ಟುತ್ತಿರಲಿಲ್ಲ. ಎರಡು ಸಲ ಜ್ವರ ಬಂದು ಗ್ಲೂಕೋಸ್ ಹಾಕಿಸಿಕೊಂಡೆ. ಪಕ್ಕದಲ್ಲಿ ಕೂರುತ್ತಿದ್ದ ರೇವತಿ ಎರಡನೇ ವರ್ಷ ಬರಲೇ ಇಲ್ಲ. ಅವಳು ನನಗಿಂತ ಜಾಣೆ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮೂರು ಸಲ ವಾದ ಮಾಡಿದೆ. ಮೂರನೇ ಸಲ ಚಲಪತಿ ಸಾರ್ ನನ್ನನ್ನು ಹೊರಗೆ ಕರೆದು, “ಅಮ್ಮಾ ಶಿರೀಷಾ, ಅವ್ರು ಏನ್ ಹೇಳ್ತಾರೋ ಅದನ್ನ ಬರಿ” ಅಂದರು.

ಬರೆದೆ. ವಾಯವ್ಯಕ್ಕೆ ಗೋಶಾಲೆ. ಹನ್ನೆರಡು ಹಸುಗಳಿಗೆ ಹನ್ನೆರಡು ಗೂಡು, ನಡುವೆ ಹಸು ನಡೆಯುವಷ್ಟು ಅಗಲದ ಓಣಿ, ಒಂದೊಂದು ಗೂಡಿಗೂ ನಲ್ಲಿ, ಟೈಲ್ಸು, ಬಾಗಿಲು. ಕರೆಸ್ಪಾಂಡೆಂಟರು ಪ್ರತಿ ಹಾಳೆಯ ಮೂಲೆಗೂ ಅರಿಶಿನ ಹಚ್ಚಿ ಸೈನ್ ಹಾಕಿದರು. ಓದುವ ಗೋಜಿಗೆ ಹೋಗಲಿಲ್ಲ.

ಮೇಸ್ತ್ರಿ ಬೈಲಪ್ಪ ಮಾತ್ರ ಓದಿದ.

“ಅಮ್ಮಾ, ಚಿಲಕ ಒಳಗಡೆ ಐತೆ.”

“ಹೂಂ.”

“ಹಸ ಚಿಲಕ ಹಾಕ್ಕಂತವಾ?”

“ಈ ಹಸ ಹಾಕ್ಕಂತವೆ.”

ಬೈಲಪ್ಪ ಒಮ್ಮೆ ಹಾಳೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. “ಅಂಗಾದ್ರೆ ಗಟ್ಟಿ ಚಿಲಕನೇ ಹಾಕ್ತೀನಿ ಕಣಮ್ಮ” ಎಂದು ಹೇಳಿ ಕೆಲಸಕ್ಕೆ ಹೋದ.

ಹೊಸ ಕಟ್ಟಡದ ಪ್ರವೇಶದ ದಿನ ಪದ್ಧತಿಯಂತೆ ಎಲ್ಲರಿಗಿಂತ ಮೊದಲು ಹಸು ಒಳಗೆ ಹೋಗಬೇಕು. ಸೋಮಂದೇಪಲ್ಲಿಯಿಂದ ಬಾಡಿಗೆಗೆ ತಂದ ಹಸುವಿಗೆ ಕುಂಕುಮ ಹಚ್ಚಿ, ತರಗತಿಗಳಲ್ಲೆಲ್ಲ ಒಳಗೆ ಹೊರಗೆ ಓಡಾಡಿಸಿ, ಕೊನೆಗೆ ಗೋಶಾಲೆಗೆ ಹೊಡೆದುಕೊಂಡು ಬಂದರು. ಕಟ್ಟುವಾಗ ಗೇಟಿನ ಹತ್ತಿರದಿಂದಷ್ಟೇ ನೋಡಿದ್ದ ಕರೆಸ್ಪಾಂಡೆಂಟರು ಹಿಂದೆಯೇ ಬಂದು ಒಂದು ಬಾಗಿಲು ತಳ್ಳಿದರು. ನೆಲದಲ್ಲಿ ಕಕ್ಕಸಿನ ಬಿಳಿ ಬೇಸಿನ್. ಇನ್ನೊಂದು ಬಾಗಿಲು ತಳ್ಳಿದರು. ಅಲ್ಲೂ ಅದೇ. ಹನ್ನೆರಡನ್ನೂ ತಳ್ಳಿ ನೋಡಿದ ಮೇಲೆ ನನ್ನ ಕಡೆ ತಿರುಗಿದರು.

“ಏನಮ್ಮಾ ಇದು? ನಾಳೆನೇ ಒಡೆಸಾಕ್ಬುಡ್ತೀನಿ!”

“ಸೈನ್ ನಿಮ್ದೇ ಸಾರ್” ಎಂದೆ.

ಅಷ್ಟರಲ್ಲಿ ಹಸು ಓಣಿಯ ನಡುವೆ ನಿಂತು ಬಾಲ ಎತ್ತಿತು. ಹೊಸ ಟೈಲ್ಸಿನ ಮೇಲೆ ಧಾರಾಳವಾಗಿ ಗಂಜಲ ಹೊಯ್ದು, ಅವಸರವಿಲ್ಲದೆ ಸಗಣಿಯನ್ನೂ ಹಾಕಿತು. ಅಷ್ಟು ತರಗತಿಗಳಲ್ಲಿ ಸುತ್ತಿಸಿದ್ದರೂ ಬೇರೆಲ್ಲೂ ಹಾಕಿರಲಿಲ್ಲ.

ಸಿದ್ಧಾಂತಿಗಳು ಕೈಮುಗಿದರು. “ಶುಭಂ! ಲಕ್ಷ್ಮಿ ಬಂದ್ಬುಟ್ಟಳು ಕಣಪ್ಪಾ. ಗೋವು ಒಪ್ಪಿದ ಜಾಗ ಒಡೆದ್ರೆ ವಂಶಕ್ಕೆ ಆಗೋದಿಲ್ಲ.”

“ಒಡೀದೆ ಏನ್ ಮಾಡ್ಲಿ ಸ್ವಾಮೀ?”

“ಏನಕ್ಕೆ ಕಟ್ಟಿದ್ಯೋ ಅದಕ್ಕೇ ಬಳಸಪ್ಪ. ನಾನು ಮೊದ್ಲೇ ಹೇಳಿದ್ನಲ್ಲ.”

ಕರೆಸ್ಪಾಂಡೆಂಟರು ಒಡೆಸಲಿಲ್ಲ. ‘ಗೋಶಾಲೆ’ ಎಂದು ಕೊರೆಸಿದ್ದ ಗ್ರಾನೈಟ್ ಕಲ್ಲನ್ನೂ ತೆಗೆಸಲಿಲ್ಲ. ಅದರಲ್ಲಿ ಅವರ ತಾಯಿಯ ಹೆಸರಿತ್ತು. ನನ್ನನ್ನು ಮಾತ್ರ ತೆಗೆಸಿದರು. ಸೋಮವಾರದಿಂದ ಬರಬೇಡ ಎಂದು ಚಲಪತಿ ಸಾರ್ ಫೋನಿನಲ್ಲಿ ಹೇಳಿದರು.

ಕಾಲೇಜು ಶುರುವಾಗಿ ಒಂದು ವಾರಕ್ಕೆ, ಮನಸ್ಸು ತಡೆಯದೆ ಬಸ್ಸು ಹತ್ತಿ ಹೋದೆ. ಪಡಸಾಲೆಯಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನೋಟ್ಸ್ ಬರೆಯುತ್ತಿದ್ದರು. ನಡುಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಗೋಶಾಲೆಗ್ ಹೋಗ್ಬತ್ತೀನಿ.”

ಯಾರೂ ನಗಲಿಲ್ಲ. ಮೇಷ್ಟ್ರು ತಿರುಗಿಯೂ ನೋಡದೆ ತಲೆಯಾಡಿಸಿದರು. ಮೂರು ನಿಮಿಷಕ್ಕೆ ಅವಳು ವಾಪಸ್ ಬಂದು, ಬಿಟ್ಟ ಸಾಲಿನಿಂದ ಬರೆಯತೊಡಗಿದಳು.

ನಾನು ಕಂಬ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.